ಪಿಜ್ಜಾ ತಿನ್ನೋಕೆ ಒಂದು ಕಟ್ಟೆ ಬೇಕು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ವಾಚಕರ ಪತ್ರಗಳಲ್ಲಿ ನಮ್ಮ ಕುವೆಂಪುನಗರದವರೇ ಒಬ್ಬರು ಬರೆದದ್ದನ್ನು ಓದಿದೆ. ಒಳರಸ್ತೆಗಳಲ್ಲೆಲ್ಲ ಪಿಜ್ಜಾ ಅಂಗಡಿ ಜಾಸ್ತಿಯಾಗಿವೆ, ಸಂಜೆಯಾಯಿತೆಂದರೆ ಹುಡುಗರು ಹುಡುಗಿಯರು ಸ್ಕೂಟರ್ ಸೀಟಿನ ಮೇಲೆ ಡಬ್ಬ ಇಟ್ಟುಕೊಂಡು ರಸ್ತೆಯಲ್ಲೇ ನಿಂತು ತಿನ್ನುತ್ತಾರೆ, ನೋಡಲು ಅಸಹ್ಯ, ಪಾರ್ಸೆಲ್ ಅಂಗಡಿ ಅಂದ ಮೇಲೆ ಮನೆಗೆ ತಗೊಂಡು ಹೋಗಿ ತಿನ್ನಬೇಕಪ್ಪಾ, ಪಾಲಿಕೆಯವರು ಇವನ್ನೆಲ್ಲ ರಾತ್ರಿ ಎಂಟಕ್ಕೇ ಮುಚ್ಚಿಸಬೇಕು, ಇತ್ಯಾದಿ.

ಹಾಗೆ ಸ್ಕೂಟರ್ ಸೀಟಿನ ಮೇಲೆ ಡಬ್ಬ ಇಟ್ಟುಕೊಂಡು ತಿನ್ನುವವರಲ್ಲಿ ನಾನೂ ಒಬ್ಬಳು. ನನಗೆ 63 ವರ್ಷ. 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಿಯಾಗಿದ್ದೇನೆ. ಸ್ಕೂಟರ್ ನಮ್ಮ ಯಜಮಾನರದು. ಅವರಿಗೆ ಶುಗರ್ ಇರುವುದರಿಂದ ಎರಡೇ ತುಂಡು, ಉಳಿದದ್ದೆಲ್ಲ ನನ್ನ ಪಾಲು. ಪತ್ರ ಬರೆದವರು ಕಂಡು ಅಸಹ್ಯಪಟ್ಟವರ ಪೈಕಿ ನಾವಿಬ್ಬರೂ ಇದ್ದಿರಬಹುದು. ಇದ್ದಿದ್ದರೆ ಕ್ಷಮಿಸಲಿ. ಆದರೆ ಅವರು ಹೇಳಿದ ಪರಿಹಾರ ತಲೆಕೆಳಗಾಗಿದೆ. ಪಿಜ್ಜಾವನ್ನು ಓವನ್ನಿನಿಂದ ಇಳಿಸಿದ ಜಾಗದಲ್ಲೇ, ಬಿಸಿ ಆರುವ ಮುಂಚೆ ತಿನ್ನಬೇಕು. ಹುಡುಗರು ಸರಿಯಾಗೇ ಮಾಡುತ್ತಿದ್ದಾರೆ, ಡಬ್ಬ ಇಡೋಕೆ ಜಾಗ ಇಲ್ಲದೆ ಸೀಟಿನ ಮೇಲೆ ಇಡುತ್ತಿದ್ದಾರೆ ಅಷ್ಟೆ. ಅಂಗಡಿಯವರು ಎದೆ ಮಟ್ಟಕ್ಕೆ ಒಂದು ಕಲ್ಲಿನ ಚಪ್ಪಡಿ ಹಾಕಿಸಿಬಿಟ್ಟರೆ ಆಯಿತು. ಈ ಮಾತಿಗೆ ನಾನು ಬಂದದ್ದು ಹೇಗೆ ಅಂತ ಹೇಳಬೇಕು, ಸ್ವಲ್ಪ ಉದ್ದವಾಗುತ್ತದೆ, ನೀವು ಕತ್ತರಿಸಿದರೆ ಬೇಜಾರಿಲ್ಲ. ಲೆಕ್ಕದ ಭಾಗ ಮಾತ್ರ ಕತ್ತರಿಸಬೇಡಿ.

ಹೋದ ವರ್ಷ ಮಳೆಗಾಲದಲ್ಲಿ ಮಗ ಸೊಸೆ ಪುಣೆಯಿಂದ ಬಂದಿದ್ದರು. ಒಂದು ಸಂಜೆ ಸೊಸೆ "ಅತ್ತೆ, ಇವತ್ತು ಅಡುಗೆ ಬೇಡ, ಸುಮ್ನೆ ಕೂತ್ಕೊಳ್ಳಿ" ಅಂತ ಮೊಬೈಲಿನಲ್ಲೇ ಯಾವುದೋ ಆ್ಯಪಿನಲ್ಲಿ ಪಿಜ್ಜಾಗೆ ಹೇಳಿದಳು. ಮುಕ್ಕಾಲು ಗಂಟೆ ಕಾದೆವು. ತಂದ ಹುಡುಗ ಪಾಪ ಪೂರ್ತಿ ನೆನೆದಿದ್ದ. ಡಬ್ಬ ನೆನೆದಿರಲಿಲ್ಲ, ಆದರೆ ಮುಚ್ಚಳ ತೆಗೆದರೆ ಒಳಗೆಲ್ಲ ಬೆವರು. ತುಂಡು ಎತ್ತಿದೆ, ತುದಿ ಜೋತು ಬಿತ್ತು, ಮೇಲಿದ್ದ ದಪ್ಪ ಮೆಣಸಿನಕಾಯಿ ಈರುಳ್ಳಿ ಎಲ್ಲ ಜಾರಿ ತಟ್ಟೆಗೆ. ಚೀಸ್ ಬಿಗಿದುಕೊಂಡು ಒಂದೇ ಹಾಳೆಯ ಹಾಗೆ ಎದ್ದು ಬಂತು. ತಳ ಒದ್ದೆ. "ಇದಕ್ಕಿಂತ ಬೆಳಗಿನ ಚಪಾತಿ ವಾಸಿ" ಅಂದರು ನಮ್ಮ ಯಜಮಾನರು, ಸೊಸೆಗೆ ಕೇಳಿಸುವ ಹಾಗೆಯೇ ಅಂದರು. ಡಬ್ಬದ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ವಿಳಾಸ ನೋಡಿದರೆ ಅಂಗಡಿ ನಮ್ಮ ಹಿಂದಿನ ರಸ್ತೆಯಲ್ಲೇ! ನಾನು ದಿನಾ ಹಾಲು ತರುವ ನಂದಿನಿ ಬೂತಿನಿಂದ ನಾಲ್ಕು ಅಂಗಡಿ ಆಚೆ. ನಡೆದರೆ ಆರು ನಿಮಿಷ.

ಟೀಚರ್ ಬುದ್ಧಿ ಎಲ್ಲಿಗೆ ಹೋಗುತ್ತೆ. ಮಾರನೇ ದಿನ ಜಗಳ ಮಾಡೋಕೆಂದೇ ಹೋದೆ.

ಮೊದಲು ಅಲ್ಲಿ ಜೆರಾಕ್ಸ್ ಅಂಗಡಿ ಇತ್ತು. ಹತ್ತಡಿ ಹನ್ನೆರಡಡಿ ಇರಬಹುದು. ಒಂದು ಕರೆಂಟ್ ಓವನ್, ಒಂದು ಫ್ರಿಜ್, ಗ್ರಾನೈಟ್ ಹಾಕಿದ ಒಂದು ಕಟ್ಟೆ, ಗೋಡೆಗೆ ರೇಟಿನ ಬೋರ್ಡು. ಕೂರೋಕೆ ಏನೂ ಇಲ್ಲ. ಇಬ್ಬರು ಹುಡುಗರು, ಅಣ್ಣ ತಮ್ಮಂದಿರ ಮಕ್ಕಳು, ಎಚ್.ಡಿ. ಕೋಟೆ ಕಡೆಯವರು. ದೊಡ್ಡವನು ಆರು ವರ್ಷ ಬೆಂಗಳೂರಿನ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿದವನು. (ಅಂಗಡಿ ಹೆಸರು ಹೇಳುವುದಿಲ್ಲ. ಹೇಳಿದರೆ ಪತ್ರ ಹೋಗಿ ಜಾಹೀರಾತಾಗುತ್ತದೆ.)

ನನ್ನ ಜಗಳ ಪೂರ್ತಿ ಕೇಳಿಸಿಕೊಂಡು ಅವನು ಅಂದ: "ಆಂಟಿ, ಆರ್ಡರ್ ಬಂದು ಹನ್ನೆರಡು ನಿಮಿಷಕ್ಕೆ ರೆಡಿ ಮಾಡಿಟ್ಟಿದ್ದೆ. ಡೆಲಿವರಿ ಹುಡುಗನಿಗೆ ಬೇರೆ ಕಡೆನೂ ಹೋಗೋದಿತ್ತು, ಮಳೆ ಬೇರೆ. ನಾನೇನ್ ಮಾಡ್ಲಿ ಹೇಳಿ. ಒಂದು ಕೆಲಸ ಮಾಡಿ, ಇಲ್ಲೇ ನಿಂತು ಒಂದು ತುಂಡು ತಿನ್ನಿ. ಚೆನ್ನಾಗಿಲ್ಲ ಅಂದ್ರೆ ನಿನ್ನೇದೂ ದುಡ್ಡು ವಾಪಸ್."

ನಿಂತೆ. ಅವನು ಮಾಡುವುದನ್ನೂ ನೋಡಿದೆ, ಬಿಟ್ಟಿ ಸಿನಿಮಾ. ಫ್ರಿಜ್ಜಿನಿಂದ ಒಂದು ಪ್ಲಾಸ್ಟಿಕ್ ಡಬ್ಬ ತೆಗೆದ, ಹಿಂದಿನ ಸಂಜೆ ಕಲಸಿಟ್ಟ ಹಿಟ್ಟಿನ ಉಂಡೆಗಳು ಅದರಲ್ಲಿ ಉಬ್ಬಿ ಒಂದಕ್ಕೊಂದು ತಾಗಿಕೊಂಡಿದ್ದವು. ಮುಚ್ಚಳ ತೆಗೆದಾಗ ನಮ್ಮ ದೋಸೆ ಹಿಟ್ಟು ಉಕ್ಕಿದ ಬೆಳಿಗ್ಗೆ ಬರುತ್ತದಲ್ಲ, ಆ ಹುಳಿ ವಾಸನೆ. ಒಂದು ಉಂಡೆ ತೆಗೆದು ಹಿಟ್ಟು ಉದುರಿಸಿ ನಡುವಿನಿಂದ ಬೆರಳ ತುದಿಯಲ್ಲಿ ಒತ್ತುತ್ತಾ ಬಂದ. ಅಂಚನ್ನು ಮುಟ್ಟಲೇ ಇಲ್ಲ. ಯಾಕೆ ಅಂದರೆ ಅಲ್ಲಿರುವ ಗಾಳಿ ಹೋಗಬಾರದಂತೆ, ಅದೇ ಓವನ್ನಿನಲ್ಲಿ ಉಬ್ಬೋದು. ಆಮೇಲೆ ಟೊಮೇಟೊ ಸಾಸು. ಒಂದು ಸೌಟು ನಡುವೆ ಹುಯ್ದು ಸೌಟಿನ ತಳದಲ್ಲೇ ಸುತ್ತಾ ಸುತ್ತಾ ಹರಡಿದ. ನನಗೆ ನಗು ಬಂತು. "ಇದೇನೋ, ದೋಸೆ ಹುಯ್ದ ಹಾಗೇ ಇದೆಯಲ್ಲೋ" ಅಂದೆ. "ಹೂಂ ಆಂಟಿ, ಕಾವಲಿ ಬದ್ಲು ಮೈದಾ" ಅಂದ.

ಚೀಸನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ ಹಾಕಿದ. ಆ ತಕ್ಕಡಿ ವಿಷಯಕ್ಕೆ ಆಮೇಲೆ ಬರುತ್ತೇನೆ. ಉದ್ದ ಹಿಡಿಯ ಹಲಗೆಯ ಮೇಲೆ ಜಾರಿಸಿಕೊಂಡು ಓವನ್ನಿನೊಳಗಿನ ಕಲ್ಲಿನ ಮೇಲೆ ಬಿಟ್ಟ. ಐದು ನಿಮಿಷ ಆಗಿರಬಹುದು. ಹೊರಗೆ ತೆಗೆದು ಚಕ್ರದ ಚಾಕು ಎಳೆದಾಗ ಅಂಚಿನಲ್ಲಿ ಕರ್ರ್ ಅಂತ ಸದ್ದು. ಒಂದು ತುಂಡು ಎತ್ತಿ ತಳ ನನಗೆ ತೋರಿಸಿದ, ಬಟ್ಟೆ ಅಂಗಡಿಯವರು ಸೀರೆಯ ಒಳಮೈ ತೋರಿಸುವ ಹಾಗೆ. ತಳದ ತುಂಬ ಕಂದು ಚುಕ್ಕಿ. ತುಂಡು ತುದಿಯವರೆಗೂ ನೆಟ್ಟಗೆ ನಿಂತಿತ್ತು, ಜೋತು ಬೀಳಲಿಲ್ಲ. ಚೀಸ್ ಇನ್ನೂ ಕುದಿಯುತ್ತಿತ್ತು. ನಾನು ತಡೆಯಲಾರದೆ ಕಚ್ಚಿ ಅಂಗುಳು ಸುಟ್ಟುಕೊಂಡೆ, ಎರಡು ದಿನ ಸಾರು ನುಂಗೋಕೂ ಕಷ್ಟವಾಯಿತು. ನಿನ್ನೆಯ ಪಿಜ್ಜಾ, ಇವತ್ತಿನ ಪಿಜ್ಜಾ ಎರಡೂ ಅದೇ ಹಿಟ್ಟು, ಅದೇ ಸಾಸು, ಅದೇ ಕೈ. ನಡುವೆ ಇದ್ದದ್ದು ಮೂವತ್ತು ನಿಮಿಷ ಮತ್ತು ಒಂದು ರಟ್ಟಿನ ಡಬ್ಬ.

ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ನಜರ್‌ಬಾದಿನ ಮೈಲಾರಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಬಾಗಿಲಲ್ಲಿ ಕಾದು ನಿಂತು ದೋಸೆ ತಿನ್ನುತ್ತೇವೆ. ಅದೇ ದೋಸೆಯನ್ನು ಕಟ್ಟಿಸಿಕೊಂಡು ಕುವೆಂಪುನಗರಕ್ಕೆ ತಂದು ಬಿಚ್ಚಿ ನೋಡಿ. ದೋಸೆ ಕೆಟ್ಟಿತು ಅಂತ ಯಾರೂ ಮೈಲಾರಿಯನ್ನು ಬೈಯುವುದಿಲ್ಲ, ತಂದವನನ್ನೇ ಬೈಯುತ್ತಾರೆ. ಪಿಜ್ಜಾ ವಿಷಯದಲ್ಲಿ ಮಾತ್ರ ಡಬ್ಬದಲ್ಲಿ ಬರುವುದೇ ಅಸಲಿ, ಅಂಗಡಿ ಮುಂದೆ ನಿಂತು ತಿನ್ನುವುದು ಪೋಲಿತನ ಅಂತ ಯಾಕೆ ತಿಳಿದುಕೊಂಡೆವೋ ಗೊತ್ತಿಲ್ಲ. ಟಿವಿ ಜಾಹೀರಾತು ನೋಡಿ ನೋಡಿ ಇರಬೇಕು.

ಡಬ್ಬದೊಳಗೆ ಆಗುವುದು ಇಷ್ಟೇ. ಬಿಸಿ ಪಿಜ್ಜಾದಿಂದ ಹಬೆ ಏಳುತ್ತದೆ. ಅದಕ್ಕೆ ಹೋಗೋಕೆ ದಾರಿ ಇಲ್ಲ. ಮುಚ್ಚಳಕ್ಕೆ ಬಡಿದು ನೀರಾಗಿ ಮೇಲೆ ಬೀಳುತ್ತದೆ, ತಳಕ್ಕೆ ಹೋದ ಹಬೆ ರಟ್ಟಿಗೂ ರೊಟ್ಟಿಗೂ ನಡುವೆ ಸಿಕ್ಕಿಕೊಂಡು ಗರಿಗರಿಯನ್ನು ಮೆತ್ತಗೆ ಮಾಡುತ್ತದೆ. ಬಿಸಿ ಇಳಿದ ಹಾಗೆ ಚೀಸಿನ ಕೊಬ್ಬು ಗಟ್ಟಿಯಾಗುತ್ತದೆ. ಡಬ್ಬದ ಪಕ್ಕದಲ್ಲಿ ತೂತು ಇರುತ್ತದೆ, ಅದು ಸಾಲದು. ಕೆಲವು ಅಂಗಡಿಯವರು ಪಿಜ್ಜಾ ನಡುವೆ ಮೂರು ಕಾಲಿನ ಒಂದು ಬಿಳಿ ಪ್ಲಾಸ್ಟಿಕ್ ಮಣೆ ನಿಲ್ಲಿಸಿರುತ್ತಾರೆ, ನೋಡಿದ್ದೀರಾ? ದಸರಾ ಗೊಂಬೆ ಕೂರಿಸುವಾಗ ಇಡುವ ಪುಟಾಣಿ ಮೇಜಿನ ಹಾಗೆ. ಅದಕ್ಕೆ 1985ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ತಗೊಂಡವರು ಕಾರ್ಮೆಲಾ ವಿಟಾಲೆ ಅನ್ನುವ ನ್ಯೂಯಾರ್ಕ್ ಕಡೆಯ ಹೆಂಗಸು. ಮುಚ್ಚಳ ಕುಸಿದು ಚೀಸಿಗೆ ಅಂಟದ ಹಾಗೆ ಅದು ತಡೆಯುತ್ತದೆ. ಹಬೆಯನ್ನು ತಡೆಯುವುದಿಲ್ಲ. ಹಬೆಗೆ ಇರುವ ಮದ್ದು ಅಂದರೆ ಡಬ್ಬಕ್ಕೆ ಹಾಕದೇ ಇರುವುದು.

ಇನ್ನು "ಇದು ನಮ್ಮ ಸಂಸ್ಕೃತಿ ಅಲ್ಲ, ರಸ್ತೆಯಲ್ಲಿ ನಿಂತು ತಿನ್ನುವುದು ವಿದೇಶಿ ಚಾಳಿ" ಅನ್ನುವ ಮಾತು. ಚುರುಮುರಿ ಗಾಡಿ ಮುಂದೆ ನಾವು ಕುರ್ಚಿ ಹಾಕಿಕೊಂಡು ತಿನ್ನುತ್ತೇವಾ? ಬೆಂಗಳೂರಿನಲ್ಲಿ 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿ, ಆಮೇಲೆ ಊರೆಲ್ಲ ದರ್ಶಿನಿಗಳಾಗಿ, ಜಡ್ಜಿಯಿಂದ ಹಿಡಿದು ಆಟೋ ಡ್ರೈವರ್‌ವರೆಗೆ ಎಲ್ಲರೂ ಎದೆ ಎತ್ತರದ ಕಟ್ಟೆಗೆ ತಟ್ಟೆ ಇಟ್ಟುಕೊಂಡು ಇಡ್ಲಿ ತಿನ್ನುತ್ತಿದ್ದಾರೆ. ಯಾರಿಗೂ ಅಸಹ್ಯವಾಗಿಲ್ಲ. ಕಟ್ಟೆ ಇದೆ, ಅದಕ್ಕೇ ಮರ್ಯಾದೆ ಇದೆ. ಕಟ್ಟೆ ತೆಗೆದುಬಿಡಿ, ಅದೇ ಜನ ಬೈಕಿನ ಮೇಲೆ ತಟ್ಟೆ ಇಟ್ಟು ತಿನ್ನುತ್ತಾರೆ, ಆಗ ನಿಮಗೆ ಪತ್ರ ಬರುತ್ತದೆ.

ವಿದೇಶದ ವಿಷಯವೂ ಹೇಳಿಬಿಡುತ್ತೇನೆ, ಒಂದೇ ಸಲ ಹೋಗಿದ್ದು, ಹೇಳಿಕೊಳ್ಳದಿದ್ದರೆ ಹೇಗೆ. 2018ರಲ್ಲಿ ತಂಗಿಯ ಮಗಳು ರೋಮಿನಲ್ಲಿ ಓದುತ್ತಿದ್ದಾಗ ನಾವಿಬ್ಬರೂ ಹತ್ತು ದಿನ ಹೋಗಿದ್ದೆವು. ಪಿಜ್ಜಾ ಅಂದರೆ ದುಂಡಗಿರುತ್ತೆ, ಡಬ್ಬದಲ್ಲಿರುತ್ತೆ ಅಂದುಕೊಂಡಿದ್ದವಳಿಗೆ ಅಲ್ಲಿ ಗಲ್ಲಿ ಗಲ್ಲಿಯ ಪುಟ್ಟ ಅಂಗಡಿಗಳಲ್ಲಿ ಕಂಡದ್ದು ಉದ್ದುದ್ದ ತಟ್ಟೆಗಳಲ್ಲಿ ಚೌಕಾಕಾರದ ಪಿಜ್ಜಾ. ಎಷ್ಟು ಬೇಕು ಅಂತ ಕೈಯಲ್ಲಿ ತೋರಿಸಬೇಕು. ಅಂಗಡಿಯವಳು ಕತ್ತರಿ ತಗೊಂಡು, ಹೌದು, ಬಟ್ಟೆ ಕತ್ತರಿಸುವಂಥ ಕತ್ತರಿ, ಕಚ್ ಕಚ್ ಅಂತ ಕತ್ತರಿಸಿ, ಬಿಸಿ ಮಾಡಿ, ತಕ್ಕಡಿಗೆ ಇಟ್ಟು, ತೂಕಕ್ಕೆ ತಕ್ಕ ದುಡ್ಡು ಹೇಳುತ್ತಾಳೆ. ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಾಳೆ. ಅಂಗಡಿಯೊಳಗೆ ಗೋಡೆಗೆ ಒಂದು ಗೇಣು ಅಗಲದ ಹಲಗೆ, ಅದರ ಮೇಲೆ ಮೊಣಕೈ ಊರಿ ತಿನ್ನಬೇಕು, ಇಲ್ಲ ಹೊರಗೆ ನಿಂತು ತಿನ್ನಬೇಕು. ಟೈ ಕಟ್ಟಿದವರು, ಮಗು ಎತ್ತಿಕೊಂಡವರು, ಎಲ್ಲರೂ. ಗಣಿತದವಳಾದ ನನಗೆ ಆ ತಕ್ಕಡಿ ನೋಡಿ ಆದ ಸಂತೋಷ ಅಷ್ಟಿಷ್ಟಲ್ಲ. ಕೊಲೋಸಿಯಂ ಕೂಡ ಚೆನ್ನಾಗಿತ್ತು.

ನೇಪಲ್ಸಿಗೆ ಒಂದು ದಿನದ ಮಟ್ಟಿಗೆ ರೈಲಿನಲ್ಲಿ ಹೋಗಿ ಬಂದೆವು. ಪಿಜ್ಜಾದ ತವರುಮನೆ ಅದು. ಅಲ್ಲಿ ಪಿಜ್ಜಾ ಮಾಡುವವರ ಕಸುಬನ್ನು 2017ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿದೆ. ಸೌದೆ ಒಲೆ, 485 ಡಿಗ್ರಿ ಬಿಸಿ, ಒಂದರಿಂದ ಒಂದೂವರೆ ನಿಮಿಷದೊಳಗೆ ಬೆಂದೇ ಹೋಗುತ್ತದೆ. ಕೂತು ತಿನ್ನುವವರು ಕೂತು ತಿನ್ನುತ್ತಾರೆ, ಆದರೆ ಬೀದಿಯಲ್ಲಿ ಚಿಕ್ಕ ಪಿಜ್ಜಾವನ್ನು ನಾಲ್ಕು ಮಡಿಕೆ ಮಾಡಿ, ಪರ್ಸು ಮಡಿಸಿದ ಹಾಗೆ, ಕಾಗದದಲ್ಲಿ ಹಿಡಿದು ನಡೆಯುತ್ತಾ ತಿನ್ನುವವರೇ ಜಾಸ್ತಿ. ಅದಕ್ಕೆ ಅವರು ಇಟ್ಟಿರುವ ಹೆಸರೂ ಪರ್ಸು ಪಿಜ್ಜಾ ಅಂತಲೇ. ಹಿಂದೆ ಅಲ್ಲಿ ಹುಡುಗರು ತಾಮ್ರದ ದುಂಡು ಪಾತ್ರೆಯಲ್ಲಿ ಪಿಜ್ಜಾ ಬಿಸಿಯಾಗಿಟ್ಟುಕೊಂಡು ತಲೆ ಮೇಲೆ ಹೊತ್ತು ಬೀದಿ ಬೀದಿ ಮಾರುತ್ತಿದ್ದರಂತೆ. ಕೂಲಿನಾಲಿ ಮಾಡುವವರು ನಿಂತಲ್ಲೇ ತಿಂದು ಕೆಲಸಕ್ಕೆ ಹೋಗುತ್ತಿದ್ದರು. ಇವತ್ತು ತಿಂದು ಎಂಟು ದಿನ ಬಿಟ್ಟು ದುಡ್ಡು ಕೊಡುವ ಪದ್ಧತಿ ಕೂಡ ಇತ್ತು, ನಮ್ಮ ಶೆಟ್ಟರಂಗಡಿಯಲ್ಲಿ ಲೆಕ್ಕ ಬರೆಸುತ್ತಿದ್ದ ಹಾಗೆ. ಪಿಜ್ಜಾ ಹುಟ್ಟಿದ ಊರಿನಲ್ಲೇ ಅದು ಬಡವರ ಬೀದಿ ತಿಂಡಿಯಾಗಿತ್ತು. ನಮ್ಮಲ್ಲಿಗೆ ಮಾತ್ರ ಎಸಿ ಹಾಕಿಕೊಂಡು ಬಂತು. ಬೆಂಗಳೂರಿನ ಕನ್ನಿಂಗ್‌ಹ್ಯಾಮ್ ರಸ್ತೆಯಲ್ಲಿ 1996ರಲ್ಲಿ ಪಿಜ್ಜಾ ಹಟ್ ತೆರೆದಾಗ ನಮ್ಮಂಥ ಸಂಬಳದವರು ಹೊರಗಿನಿಂದಲೇ ಗಾಜು ನೋಡಿಕೊಂಡು ಹೋಗಿದ್ದು ನೆನಪಿದೆ. ಅದೇ ವರ್ಷ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘದವರು ಬ್ರಿಗೇಡ್ ರಸ್ತೆಯ ಕೆಎಫ್‌ಸಿಗೆ ನುಗ್ಗಿದ್ದರು. ಅವರ ಸಿಟ್ಟು ಹೊರಗಿನ ದೊಡ್ಡ ಕಂಪನಿಗಳ ಮೇಲೆ, ರೈತನ ಹೊಲ ಹಟ್ಟಿ ಅವರ ಕೈಗೆ ಹೋಗುತ್ತದೆ ಅನ್ನುವುದರ ಮೇಲೆ ಇತ್ತು. ಈಗ ಎಚ್.ಡಿ. ಕೋಟೆಯ ರೈತನ ಮಗನೇ ಸಾಲ ಮಾಡಿ ಓವನ್ ಇಟ್ಟಿದ್ದಾನೆ. ಅವನಿಗೂ ವಿದೇಶಿ ಅಂತ ಬೈದರೆ ಹೇಗೆ ಸ್ವಾಮಿ?

ಈಗ ಲೆಕ್ಕ.

ನಾನು ಹೋಗಲು ಶುರು ಮಾಡಿದಾಗ ಅಂಗಡಿಯಲ್ಲಿ ಏಳು ಇಂಚಿನ ಪಿಜ್ಜಾಗೆ 130 ರೂಪಾಯಿ, ಹತ್ತು ಇಂಚಿನದಕ್ಕೆ 240 ಇತ್ತು. ಜನ ಏನಂದುಕೊಳ್ಳುತ್ತಾರೆ? ಮೂರೇ ಇಂಚು ಜಾಸ್ತಿ, ದುಡ್ಡು ಹತ್ತಿರ ಹತ್ತಿರ ಎರಡರಷ್ಟು, ಮೋಸ. ಅದಕ್ಕೇ ಇಬ್ಬರು ಹೋದರೆ ಎರಡು ಚಿಕ್ಕದು ತಗೊಳ್ಳುತ್ತಾರೆ. ಆದರೆ ಇಂಚು ಅನ್ನುವುದು ವ್ಯಾಸ. ನಾವು ತಿನ್ನುವುದು ವಿಸ್ತೀರ್ಣ, ಅದು ವ್ಯಾಸದ ವರ್ಗಕ್ಕೆ ತಕ್ಕ ಹಾಗೆ ಬೆಳೆಯುತ್ತದೆ. ಏಳರ ವರ್ಗ 49, ಹತ್ತರ ವರ್ಗ 100. ಅಂದರೆ ಎರಡು ಏಳು ಇಂಚು ಸೇರಿದರೂ 98, ಒಂದು ಹತ್ತು ಇಂಚಿಗಿಂತ ಒಂದು ಚೂರು ಕಮ್ಮಿಯೇ. ಎರಡು ಚಿಕ್ಕದಕ್ಕೆ 260, ಒಂದು ದೊಡ್ಡದಕ್ಕೆ 240. ಇಪ್ಪತ್ತು ರೂಪಾಯಿ ಉಳಿಯಿತು, ಪಿಜ್ಜಾನೂ ಒಂದು ಚೂರು ಜಾಸ್ತಿ. ಇದನ್ನು ಎಂಟನೇ ಕ್ಲಾಸಿನಲ್ಲಿ ಹೇಳಿಕೊಡುವಾಗ ಬಾವಿ, ಚಕ್ರ, ಬಳೆ ಅಂತ ಉದಾಹರಣೆ ಕೊಡುತ್ತಿದ್ದೆ. ಪಿಜ್ಜಾ ಅಂದಿದ್ದರೆ ಒಬ್ಬರೂ ಫೇಲ್ ಆಗುತ್ತಿರಲಿಲ್ಲವೇನೋ.

ತಕ್ಕಡಿ ವಿಷಯ ಅಂದೆನಲ್ಲ. ಏಳು ಇಂಚಿಗೆ 50 ಗ್ರಾಂ ಚೀಸ್ ಹಾಕುತ್ತಿದ್ದ, ಹತ್ತು ಇಂಚಿಗೆ 80 ಗ್ರಾಂ. ಒಂದು ದಿನ ನಾನು ಸುಮ್ಮನಿರಲಾರದೆ, "ನೋಡಪ್ಪಾ, ವಿಸ್ತೀರ್ಣ ಎರಡು ಪಟ್ಟಾದರೆ ಚೀಸೂ ಎರಡು ಪಟ್ಟಾಗಬೇಕು, 102 ಗ್ರಾಂ ಆಗುತ್ತೆ, ನನಗೆ 22 ಗ್ರಾಂ ಬಾಕಿ" ಅಂದೆ. ಅವನು ಬಿಡಲಿಲ್ಲ. "ಅಂಚು ಬಿಡ್ತೀವಲ್ಲ ಆಂಟಿ, ಅಲ್ಲಿ ಚೀಸ್ ಇಲ್ಲ" ಅಂದ. ಎಷ್ಟು ಬಿಡ್ತೀಯಾ ಅಂದೆ. ಎರಡಕ್ಕೂ ಮುಕ್ಕಾಲು ಇಂಚು. ಹಾಗಾದರೆ ಚೀಸ್ ಬೀಳುವ ವೃತ್ತ ಚಿಕ್ಕದರಲ್ಲಿ ಐದೂವರೆ ಇಂಚು, ದೊಡ್ಡದರಲ್ಲಿ ಎಂಟೂವರೆ. ವರ್ಗ ಮಾಡಿದರೆ 30.25 ಮತ್ತು 72.25. ಸುಮಾರು 2.4 ಪಟ್ಟು. ಅವನ ಸಮಜಾಯಿಷಿ ಹಿಡಿದೇ ಲೆಕ್ಕ ಹಾಕಿದರೆ 119 ಗ್ರಾಂ ಹಾಕಬೇಕು! ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ಪಕ್ಕದಲ್ಲಿ ನಿಂತಿದ್ದ ಇಂಜಿನಿಯರಿಂಗ್ ಹುಡುಗರು ಚಪ್ಪಾಳೆ ತಟ್ಟಿದರು. ಅವನು ತಲೆ ಕೆರೆದುಕೊಂಡು, "ಆಂಟಿ, ನೀವು ಬರೋಕೆ ಮುಂಚೆ ಅಂಗಡಿ ಚೆನ್ನಾಗೇ ನಡೀತಿತ್ತು" ಅಂದ. ಈಗ ಹತ್ತು ಇಂಚಿಗೆ 100 ಗ್ರಾಂ ಹಾಕುತ್ತಾನೆ, ರೇಟು 250 ಮಾಡಿದ್ದಾನೆ. ಇಪ್ಪತ್ತು ಗ್ರಾಂ ಚೀಸಿಗೆ ಹತ್ತು ರೂಪಾಯಿ, ನ್ಯಾಯವೇ. ಎರಡು ಚಿಕ್ಕದಕ್ಕಿಂತ ಒಂದು ದೊಡ್ಡದು ಈಗಲೂ ಹತ್ತು ರೂಪಾಯಿ ಅಗ್ಗ.

ಮನೆಯಲ್ಲಿ ಕೂತು ಮೊಬೈಲ್ ಒತ್ತಿದ್ದರೆ ಈ ತಕ್ಕಡಿ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ನಿಂತು ತಿನ್ನುವುದರ ಇನ್ನೊಂದು ಲಾಭ ಅದು. ಚೀಸ್ ಪ್ಯಾಕೆಟ್ ತೆರೆಯುವುದು ಎದುರಿಗೇ. ಈಗ ಹಾಲಿನ ಕೊಬ್ಬಿನ ಬದಲು ಪಾಮ್ ಎಣ್ಣೆ ಹಾಕಿ ಮಾಡಿದ ಒಂದು ಸರಕು ಸಿಗುತ್ತದೆ, ಅನಲಾಗ್ ಅನ್ನುತ್ತಾರೆ, ಅಗ್ಗ. ಅದನ್ನು ಚೀಸ್ ಅಂತ ಕರೆದು ಮಾರುವ ಹಾಗಿಲ್ಲ, ಪ್ಯಾಕೆಟ್ ಮೇಲೆ ಅನಲಾಗ್ ಅಂತಲೇ ಇರಬೇಕು. ಆದರೆ ಕರಗಿ ಡಬ್ಬದೊಳಗೆ ಬಂದ ಮೇಲೆ ಪ್ಯಾಕೆಟ್ ಯಾರಿಗೆ ಕಾಣಿಸುತ್ತದೆ? ನಮ್ಮ ಹುಡುಗ ಮೊಝರೆಲಾ ಇಟ್ಟಿಗೆಯನ್ನೇ ತುರಿದು ಹಾಕುತ್ತಾನೆ. ಅವನಿದ್ದ ಬೆಂಗಳೂರಿನ ಹೋಟೆಲಿಗೆ ವಲ್ಲೊಂಬ್ರೋಸಾ ಅನ್ನುವ ಚೀಸ್ ಬರುತ್ತಿತ್ತಂತೆ, ಮೈಸೂರು ರಸ್ತೆ ಕಡೆ ಇರುವ ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಸನ್ಯಾಸಿಗಳು ಇಟಲಿಯ ರೀತಿಯಲ್ಲಿ ಮಾಡುವುದು. "ಅದು ಹಾಕಿದ್ರೆ ನಾನೂ ಸನ್ಯಾಸಿ ಆಗ್ಬೇಕಾಗುತ್ತೆ ಆಂಟಿ" ಅಂತ ಅವನ ಜೋಕು.

ಸಾಸು ಮಾತ್ರ ಅಂಗಡಿಯಲ್ಲೇ ಮಾಡುತ್ತಾನೆ, ಬಾಟಲಿಯದಲ್ಲ. ನಮ್ಮ ಟೊಮೇಟೊದಲ್ಲಿ ನೀರು ಜಾಸ್ತಿ, ಅರ್ಧ ದಿನ ಬತ್ತಿಸಬೇಕು ಅನ್ನುತ್ತಾನೆ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತಲ್ಲ, ಆಗ ಅಂಗಡಿ ತೆರೆದು ನಾಲ್ಕೇ ತಿಂಗಳಾಗಿತ್ತಂತೆ. "ಟೊಮೇಟೊ ರೇಟ್ ಇಳಿಯುವ ತನಕ ಸಾಸ್ ಸ್ವಲ್ಪ ಕಮ್ಮಿ" ಅಂತ ಬೋರ್ಡು ಬರೆದು ಹಾಕಿದ್ದ, ಅದು ಈಗಲೂ ಫ್ರಿಜ್ಜಿನ ಹಿಂದೆ ಇದೆ, ಮತ್ತೆ ಬೇಕಾಗುತ್ತೆ ಅಂತ.

ಆ್ಯಪಿನ ಬಗ್ಗೆ ಬೇಗ ಮುಗಿಸುತ್ತೇನೆ. ಅವನ ಪ್ರಕಾರ ನೂರು ರೂಪಾಯಿ ಆರ್ಡರಿಗೆ ಇಪ್ಪತ್ತರಿಂದ ಇಪ್ಪತ್ತೈದು ಅವರಿಗೇ ಹೋಗುತ್ತದೆ, ಅದಕ್ಕೇ ಆ್ಯಪಿನಲ್ಲಿ ರೇಟು ಬೇರೆ. ಅದರ ಮೇಲೆ ಪ್ಯಾಕಿಂಗು, ಡೆಲಿವರಿ, ಇನ್ನೇನೋ ಫೀ. ಕಾಲು ನೋವಿರುವವರು, ಮಗು ಬಿಟ್ಟು ಬರಲಾಗದವರು ತರಿಸಿಕೊಳ್ಳಲಿ. ಆರು ನಿಮಿಷ ನಡೆಯಬಲ್ಲ ಹುಡುಗರು ಯಾಕೆ ತರಿಸಬೇಕು? ಸಂಜೆ ವಾಕಿಂಗ್ ಅಂತ ನಾವು ಪಾರ್ಕಿನಲ್ಲಿ ಸುತ್ತು ಹೊಡೆಯುವುದಕ್ಕಿಂತ ಇದು ವಾಸಿ. (ಮೈದಾ ಒಳ್ಳೆಯದಲ್ಲ ಅಂತ ಯಾರಾದರೂ ಬರೆಯುತ್ತಾರೆ, ಗೊತ್ತು. ನಾವು ಹೋಗುವುದು ತಿಂಗಳಿಗೆ ಎರಡು ಸಲ. ಬೇಕರಿ ಬನ್ನು, ಪರೋಟ ಎಲ್ಲ ಬಿಟ್ಟವರು ಮಾತ್ರ ಬರೆಯಲಿ.)

ಪತ್ರದವರು ಹೇಳಿದ್ದರಲ್ಲಿ ಒಂದು ಮಾತು ನೂರಕ್ಕೆ ನೂರು ನಿಜ. ಡಬ್ಬ ಬಿಸಾಡುವುದು. ಎದುರಿನ ಖಾಲಿ ಸೈಟಿನಲ್ಲಿ ಸೋಮವಾರ ಬೆಳಿಗ್ಗೆ ನಾನೇ ಹನ್ನೊಂದು ಡಬ್ಬ ಎಣಿಸಿದ್ದೇನೆ. 2015, 2016ರಲ್ಲಿ ದೇಶಕ್ಕೇ ಸ್ವಚ್ಛ ನಗರ ಅನಿಸಿಕೊಂಡ ಊರು ನಮ್ಮದು, ನಾಚಿಕೆಯಾಗಬೇಕು. ರಟ್ಟು ಅಂದರೆ ಒಣಕಸ, ಹಳೇ ಪೇಪರಿನವನಿಗೆ ಹಾಕಬಹುದು ಅಂದುಕೊಂಡರೆ ಅದೂ ಆಗುವುದಿಲ್ಲ. ಎಣ್ಣೆ ಜಿಡ್ಡು ತುಂಬ ಹತ್ತಿದ ರಟ್ಟನ್ನು ಮತ್ತೆ ಕಾಗದ ಮಾಡುವುದು ಕಷ್ಟ. ನಾನು ಜಿಡ್ಡಿನ ತಳ ಹರಿದು ಗೊಬ್ಬರದ ಗುಂಡಿಗೆ, ಮುಚ್ಚಳ ಪೇಪರಿನ ಜೊತೆಗೆ ಹಾಕುತ್ತೇನೆ. ಎಲ್ಲರೂ ಹಾಗೆ ಮಾಡುತ್ತಾರೆ ಅನ್ನುವ ಭ್ರಮೆ ಇಲ್ಲ.

ಆದರೆ ಅಂಗಡಿಯಲ್ಲೇ ತಿನ್ನುವವನಿಗೆ ಡಬ್ಬ ಯಾಕೆ ಕೊಡಬೇಕು? ಇದನ್ನೇ ಅವನಿಗೆ ಕೇಳಿದೆ. ಒಂದು ಡಬ್ಬಕ್ಕೆ 14 ರೂಪಾಯಿ ಬೀಳುತ್ತಂತೆ. ಸ್ಟೀಲ್ ತಟ್ಟೆ ಇಟ್ಟರೆ ತೊಳೆಯೋಕೆ ಜಾಗ ಇಲ್ಲ, ನಲ್ಲಿ ಒಂದೇ. ಅಡಿಕೆ ಹಾಳೆ ತಟ್ಟೆ ಇಡೋ ಅಂದೆ. ಹತ್ತು ಇಂಚಿನವು ದೇವರಾಜ ಮಾರ್ಕೆಟ್ ಹತ್ತಿರ ಕಟ್ಟುಗಟ್ಟಲೆ ಸಿಗುತ್ತವೆ, ಡಬ್ಬದ ಅರ್ಧ ದುಡ್ಡೂ ಆಗುವುದಿಲ್ಲ, ಹಬೆ ಹಿಡಿದಿಡುವ ಮುಚ್ಚಳವೂ ಇಲ್ಲ. ನೇರ ಗೊಬ್ಬರಕ್ಕೆ ಹೋಗುತ್ತದೆ. ಒಂದು ಕಟ್ಟು ತಂದಿಟ್ಟ. ಏಳು ಇಂಚಿನ ಪಿಜ್ಜಾ ಅದರಲ್ಲಿ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ, ಹತ್ತು ಇಂಚಿನದು ಅಂಚಿನ ಮೇಲೆ ಹತ್ತಿ ನಿಲ್ಲುತ್ತದೆ, ಅದಕ್ಕೆ ಹನ್ನೆರಡು ಇಂಚಿನ ತಟ್ಟೆ ಹುಡುಕುತ್ತಿದ್ದಾನೆ.

ಉಳಿದದ್ದು ತಟ್ಟೆ ಇಡೋಕೆ ಜಾಗ. ಎರಡು ಖಾಲಿ ಟೊಮೇಟೊ ಕ್ರೇಟು ಒಂದರ ಮೇಲೊಂದು ಇಟ್ಟು ಮೇಲೆ ಹಲಗೆ ಹಾಕಿ ನೋಡಿದ. ಮೊಣಕಾಲಿಗಿಂತ ಸ್ವಲ್ಪ ಮೇಲೆ, ಬಗ್ಗಿ ಬಗ್ಗಿ ತಿನ್ನಬೇಕು. ಮೂರನೇ ಕ್ರೇಟು ಇಟ್ಟರೆ ಅಲುಗಾಡುತ್ತದೆ, ಒಬ್ಬ ಹುಡುಗನ ಕೋಕ್ ಬಾಟಲಿ ಉರುಳಿ ನಮ್ಮ ಯಜಮಾನರ ಪ್ಯಾಂಟಿನ ಮೇಲೆ ಬಿತ್ತು. ಆಗ ನನಗೆ ನೆನಪಾದದ್ದು ನಮ್ಮ ಅಡುಗೆಮನೆ ರಿಪೇರಿ ಮಾಡಿಸಿದಾಗ ಉಳಿದ ಕಡಪ ಕಲ್ಲು. ನಾಲ್ಕಡಿ ಉದ್ದ, ಒಂದೂಕಾಲು ಅಡಿ ಅಗಲ, ಹಿತ್ತಲಲ್ಲಿ ತೆಂಗಿನ ಮರಕ್ಕೆ ಒರಗಿಕೊಂಡು ಮೂರು ವರ್ಷವಾಯಿತು. ತಗೊಂಡು ಹೋಗಿ ಶಟರಿನ ಪಕ್ಕದ ಗೋಡೆಗೆ ಎರಡು ಕಬ್ಬಿಣದ ಕೋನ ಬಡಿದು ಕೂರಿಸು, ಅಂಗಡಿಯ ಮೆಟ್ಟಿಲ ಒಳಗೇ ಇರಲಿ, ಫುಟ್‌ಪಾತಿಗೆ ಒಂದಿಂಚೂ ಬರಬಾರದು ಅಂದೆ. ಅಳತೆ ನಾನೇ ಟೇಪು ಹಿಡಿದು ನೋಡಿದೆ. ನೆಲದಿಂದ ಮೂರೂವರೆ ಅಡಿಗೆ ಹಾಕಿದರೆ ನನಗೂ ಆಗುತ್ತೆ, ಆರಡಿ ಹುಡುಗರಿಗೂ ಆಗುತ್ತೆ. ಐದು ಜನ ಆರಾಮಾಗಿ ನಿಲ್ಲಬಹುದು. ಕೆಳಗೆ ಒಂದು ಕಸದ ಬುಟ್ಟಿ.

ಅವನಿಗೇನೋ ಖುಷಿ. ಆದರೆ ಗೋಡೆ ಅವನದಲ್ಲ. ಮಳಿಗೆ ಓನರ್ ಒಪ್ಪಬೇಕು. ಅವರು ನಮ್ಮ ಬಡಾವಣೆಯವರೇ, ಹೆಸರು ಬೇಡ. "ಇವತ್ತು ಕಲ್ಲು ಹಾಕ್ತಾರೆ, ನಾಳೆ ಕುರ್ಚಿ ಹಾಕ್ತಾರೆ, ಪೇಪರಿನಲ್ಲಿ ಬೇರೆ ಬಂದಿದೆ, ಪಾಲಿಕೆಯವರು ಬಂದ್ರೆ ಯಾರು ಉತ್ತರ ಕೊಡೋದು" ಅಂದರಂತೆ. ಪೇಪರಿನಲ್ಲಿ ಬಂದಿದೆ ಅಂದರೆ ಹೋದ ವಾರದ ಆ ಪತ್ರವೇ. ಅದಕ್ಕೇ ನಾನೂ ಬರೆಯಲು ಕೂತೆ. ಇದನ್ನು ಅಚ್ಚು ಹಾಕಿದರೆ ಒಂದು ಪ್ರತಿ ಕತ್ತರಿಸಿ ಅವರ ಗೇಟಿಗೆ ಸಿಕ್ಕಿಸಿ ಬರುತ್ತೇನೆ. ಕಲ್ಲು ತೊಳೆದು ಇಟ್ಟಿದ್ದೇನೆ. ಸದ್ಯಕ್ಕೆ ನಾವು ಸ್ಕೂಟರ್ ಸೀಟಿನ ಮೇಲೇ.

ಇತಿ,
ನಿವೃತ್ತ ಗಣಿತ ಶಿಕ್ಷಕಿ
ಕುವೆಂಪುನಗರ, ಮೈಸೂರು